ಡಿಪ್‌ಸ್ಟಿಕ್‌ನಲ್ಲಿ ಏರಿದ ಬ್ಯಾಲೆನ್ಸು

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ಬೇರೇನು ಗೊತ್ತಿಲ್ಲದಿದ್ದರೂ ಒಂದು ಮಾತ್ರ ಚೆನ್ನಾಗಿ ಗೊತ್ತಿರುತ್ತದೆ ಮಾರಾಯ್ರೆ. ಯಾರೂ ಕಟ್ಟದೆ ಖಾತೆಯಲ್ಲಿ ದುಡ್ಡು ಜಾಸ್ತಿಯಾಗಿದ್ದರೆ ಅದು ಖುಷಿಪಡುವ ಸಂಗತಿಯಲ್ಲ, ಎಲ್ಲೋ ಎಡವಟ್ಟಾಗಿದೆ ಅಂತಲೇ ಲೆಕ್ಕ.

ಕಳೆದ ಮಳೆಗಾಲದಲ್ಲಿ ಒಂದು ಎರಡನೇ ಶನಿವಾರ, ಅಳಿಯನ ಕಾರಿನ ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆದವನಿಗೆ ಇದೇ ನೆನಪಾಯಿತು. ಆಯಿಲ್ ಮ್ಯಾಕ್ಸ್ ಗೆರೆ ದಾಟಿ ಒಂದು ಬೆರಳು ಮೇಲೆ ನಿಂತಿತ್ತು. ಒರೆಸಿ ಮತ್ತೆ ಅದ್ದಿದೆ. ಅಲ್ಲೇ ಇತ್ತು. ನನ್ನ ಎದೆ ಧಸಕ್ಕೆಂದಿತು. ಯಾಕೆಂದರೆ ಇದರ ಹಿಂದೆ ಯಾರಿಗೂ ಹೇಳದ ಒಂದು ಕಳ್ಳತನ ಇತ್ತು.

ಒಂದೂವರೆ ತಿಂಗಳ ಹಿಂದೆ ಹೀಗೇ ನೋಡಿದಾಗ ಆಯಿಲ್ ಎರಡು ಗೆರೆಗಳ ನಡುವೆ ಇತ್ತು. ಇರಬೇಕಾದ್ದೇ ಹಾಗೆ. ಆದರೆ ನಮ್ಮಂಥವರಿಗೆ ಫುಲ್ ಇಲ್ಲದಿದ್ದರೆ ಸಮಾಧಾನ ಎಲ್ಲಿ? ನನ್ನ ಹಳೇ ಕಾರಿಗೆ ತಂದು ಉಳಿದಿದ್ದ ಕ್ಯಾನ್ ಸ್ಟೋರ್ ರೂಮಿನಲ್ಲಿತ್ತು. ಅಳಿಯ ಒಳಗೆ ಲ್ಯಾಪ್‌ಟಾಪ್ ಹಿಡಿದು ಮೀಟಿಂಗಿನಲ್ಲಿದ್ದ. ಅರ್ಧ ಲೀಟರ್‌ನಷ್ಟು ಸುರಿದು, ಸರಿಯಾಗಿ ಮ್ಯಾಕ್ಸ್‌ಗೆ ತಂದು, ಪುಣ್ಯದ ಕೆಲಸ ಮಾಡಿದವನ ಹಾಗೆ ಕೈ ತೊಳೆದುಕೊಂಡೆ. "ಹ್ವಾಯ್, ಎಂತ ಮಾಡ್ತ್ರಿ ಅಲ್ಲಿ?" ಅಂತ ಮನೆಯವಳು ಕೇಳಿದ್ದಕ್ಕೆ "ಎಂತ ಇಲ್ಲ" ಅಂದಿದ್ದೆ.

ಬಿಕಾಂ ಓದಿದವನಿಗೆ ಇಂಜಿನ್ನಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕಳಕ್ಕೂಟಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಊರು ಕುಂದಾಪುರದ ಬದಿ, ಏಳುನೂರು ಕಿಲೋಮೀಟರ್ ಹತ್ತಿರ. ವರ್ಷಕ್ಕೆರಡು ಸಲ ಆ ದಾರಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವನಿಗೆ ಇಂಜಿನ್ ಬಗ್ಗೆ ಭಕ್ತಿ ತಾನಾಗಿ ಬರುತ್ತದೆ.

ನನ್ನ ಕಾರು 2012ರದ್ದು. ಅದಕ್ಕೆ ಮೊದಲಿನಿಂದಲೂ 15ಡಬ್ಲ್ಯೂ-40, ಡಬ್ಬದ ಮೇಲೆ ಸಿಐ-4 ಅಂತ ಇರುವುದು. ಈ ಡಬ್ಲ್ಯೂ ಅಂದರೆ ವಿಂಟರ್. ಊರಲ್ಲಿ ಡಿಸೆಂಬರ್ ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿ, ತಲೆಗೆ ಹಚ್ಚಬೇಕಾದರೆ ಒಲೆ ಪಕ್ಕ ಇಡಬೇಕಾಗುತ್ತಿತ್ತಲ್ಲ? ಚಳಿಯಲ್ಲಿ ಆಯಿಲ್ ಹಾಗೆ ಮೊಂಡು ಹಿಡಿಯದೆ ಎಷ್ಟು ಬೇಗ ಹರಿಯುತ್ತದೆ ಅನ್ನುವುದು ಮೊದಲ ನಂಬರು. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಎರಡನೆಯದು, ಇಂಜಿನ್ ಕಾದು ನೂರು ಡಿಗ್ರಿಯಲ್ಲಿರುವಾಗ ಅದೆಷ್ಟು ದಪ್ಪ ಉಳಿಯುತ್ತದೆ ಅನ್ನುವುದು. 30 ನೀರುದೋಸೆ ಹಿಟ್ಟಾದರೆ 40 ಉದ್ದಿನ ದೋಸೆ ಹಿಟ್ಟು ಅಂದುಕೊಳ್ಳಿ. ಎರಡೂ ದೋಸೆಯೇ, ಆದರೆ ಕಾವಲಿ ಯಾವುದು ಅಂತ ನೋಡಿ ಹುಯ್ಯಬೇಕು.

ಅಳಿಯನ ಕಾರಿನ ಕಾವಲಿ ಬೇರೆ. 2021ರ ಬಿಎಸ್6 ಡೀಸೆಲ್ ಅದು. ಬಿಎಸ್6 ದೇಶಾದ್ಯಂತ ಜಾರಿಗೆ ಬಂದದ್ದು 2020ರ ಏಪ್ರಿಲ್ 1ಕ್ಕೆ. ಆ ತಾರೀಕು ನಾನು ಮರೆಯುವ ಹಾಗಿಲ್ಲ, ನಾನು ಸೇರಿದ್ದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದೂ ಅದೇ ದಿನ. ಒಂದೇ ಬೆಳಿಗ್ಗೆ ನನ್ನ ಬ್ಯಾಂಕೂ ಹಳತಾಯಿತು, ನನ್ನ ಕಾರೂ ಹಳತಾಯಿತು!

ಸರಿ, ಶನಿವಾರಕ್ಕೆ ಬರೋಣ. ಬರುವ ಗುರುವಾರ ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರೂ ಆ ಕಾರಿನಲ್ಲೇ ಊರಿಗೆ ಹೊರಡುವುದಿತ್ತು. ಅಮ್ಮನ ವರ್ಷಾಂತಿಕ. ಹಿಂದಿನ ಸೀಟಿನಲ್ಲಿ ಮಗಳು, ಎಂಟು ತಿಂಗಳ ಮೊಮ್ಮಗು. ಈಗ ನೋಡಿದರೆ ಆಯಿಲ್ ಹೀಗೆ. ಮೊದಲು ಬಂದ ಯೋಚನೆ ಹೇಳಲು ನಾಚಿಕೆಯಾಗುತ್ತದೆ. ಸಿರಿಂಜಿಗೆ ಪೈಪು ಸಿಕ್ಕಿಸಿ ಹೆಚ್ಚಾದದ್ದನ್ನು ಎಳೆದು, ಗೆರೆಗೆ ತಂದು, ಸುಮ್ಮನಿದ್ದುಬಿಡೋಣ ಅಂತ. ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕುವ ಬುದ್ಧಿ ನೋಡಿ! ಪೈಪು ಹುಡುಕಿದ್ದೂ ಹೌದು.

ಆಮೇಲೆ ತಲೆ ಓಡಿತು. ನಾನು ಹಾಕಿದ ಮೇಲೆ ಅದು ಸರಿಯಾಗಿ ಗೆರೆಯಲ್ಲೇ ಇತ್ತು, ಕಣ್ಣಾರೆ ನೋಡಿದ್ದೆ. ಈಗಿನ ಒಂದು ಬೆರಳು ನನ್ನದಲ್ಲ. ಹಾಗಾದರೆ ಯಾರದ್ದು?

ಅಳಿಯನನ್ನು ಕರೆದು ಎಲ್ಲ ಹೇಳಿಬಿಟ್ಟೆ. ಶಿವಮೊಗ್ಗದ ಹುಡುಗ, ಮಾತು ಕಡಿಮೆ. ಒಂದು ನಿಮಿಷ ಡಿಪ್‌ಸ್ಟಿಕ್ ನೋಡಿದ. "ಮಾವ, ಯಾವ ಆಯಿಲ್ ಹಾಕಿದ್ರಿ?" ಅಂತ ಮಾತ್ರ ಕೇಳಿದ. ಕ್ಯಾನ್ ತೋರಿಸಿದೆ. ಅವನು ಕಾರಿನ ಪುಸ್ತಕ ತಂದು ತೆರೆದ. 5ಡಬ್ಲ್ಯೂ-30, ಎಸಿಇಎ ಸಿ3. ಆ ಒಂದು ನಿಮಿಷದ ಮೌನ ನನಗೆ ಯಾವ ಇನ್‌ಸ್ಪೆಕ್ಷನ್ ರಿಪೋರ್ಟಿಗಿಂತಲೂ ಭಾರವಾಗಿತ್ತು.

ಹೆದ್ದಾರಿ ಬದಿಯ ಒಂದು ಗ್ಯಾರೇಜಿನವನು ಫೋನಿನಲ್ಲೇ ಪರಿಹಾರ ಹೇಳಿದ. ಕೇರಳದ ಸೆಕೆಗೆ 30 ಸಾಲದು, ಎಲ್ಲ ತೆಗೆದು 40 ಹಾಕಿ ಅಂತ. ಇದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು, ನಾನೂ ಬಹಳ ವರ್ಷ ನಂಬಿದ್ದೆ. ಹೊರಗೆ ಮೂವತ್ತಮೂರು ಡಿಗ್ರಿ ಇರಲಿ, ಇಪ್ಪತ್ತಮೂರು ಇರಲಿ, ಒಳಗೆ ಕಾದ ಆಯಿಲ್ ನೂರರ ಆಸುಪಾಸಿನಲ್ಲೇ ಇರುತ್ತದೆ. ಇಂಜಿನ್ನಿನ ಸಂದುಗಳನ್ನು ಲೆಕ್ಕಹಾಕಿ ಮಾಡಿದವನು ಪುಸ್ತಕದಲ್ಲಿ ಬರೆದದ್ದಕ್ಕೆ ಮೇಲೆ ನಮ್ಮ ಸೆಕೆಯ ಮಾತೇಕೆ?

ನನ್ನ ಕಾರನ್ನು ಹದಿಮೂರು ವರ್ಷದಿಂದ ನೋಡಿಕೊಳ್ಳುವ ಚೇಟ್ಟನ್ ಒಬ್ಬರಿದ್ದಾರೆ. ಮನೆಗೇ ಬಂದರು. ಡಿಪ್‌ಸ್ಟಿಕ್ ಎಳೆದು, ನೋಡುವುದಕ್ಕೂ ಮೊದಲು ಮೂಗಿಗೆ ಹಿಡಿದರು. "ಇದಿಲ್ ಡೀಸೆಲ್ ಉಂಡ್ ಸಾರೇ," ಅಂದರು. ಆಮೇಲೆ ಅಳಿಯನಿಗೆ ಕೇಳಿದ್ದು ಒಂದೇ ಪ್ರಶ್ನೆ: ದಿನಾ ಎಷ್ಟು ದೂರ ಓಡಿಸುತ್ತೀರಿ?

ಮನೆಯಿಂದ ಟೆಕ್ನೋಪಾರ್ಕ್ ಮೂರು ಕಿಲೋಮೀಟರ್. ಹೋಗುವುದು ಮೂರು, ಬರುವುದು ಮೂರು. ಮಳೆ ಅಂತ ಭಾನುವಾರವೂ ಎಲ್ಲೂ ಹೋಗಿರಲಿಲ್ಲ.

ಅವರು ವಿವರಿಸಿದ್ದು ಇಷ್ಟು. ಈ ಕಾರುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅಂತ ಒಂದು ಜಾಲರಿ ಇರುತ್ತದೆ, ಮಸಿ ಹಿಡಿಯುವುದಕ್ಕೆ. ಅದು ತುಂಬಿದಾಗ ಕಾರು ತಾನೇ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು ಆರುನೂರು ಡಿಗ್ರಿಯಷ್ಟು ಬಿಸಿ ಮಾಡಿ ಮಸಿಯನ್ನು ಸುಡುತ್ತದೆ. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡಬೇಕು. ಇಲ್ಲಿ ಸುಡುವ ಕೆಲಸ ಶುರುವಾಗುವಷ್ಟರಲ್ಲಿ ಆಫೀಸಿನ ಗೇಟು ಬರುತ್ತದೆ, ಕಾರು ಆಫ್. ಸಂಜೆ ಮತ್ತೆ ಶುರು, ಮತ್ತೆ ಅರ್ಧಕ್ಕೆ ನಿಲುಗಡೆ. ಪ್ರತಿಸಲ ಉರಿಯದೆ ಉಳಿದ ಒಂದಿಷ್ಟು ಡೀಸೆಲ್ ಸಿಲಿಂಡರ್ ಗೋಡೆಯಲ್ಲಿ ಇಳಿದು ಆಯಿಲ್ ಸೇರುತ್ತದೆ. ನಮ್ಮ ಸಿಂಡಿಕೇಟ್ 1928ರಲ್ಲಿ ಶುರುಮಾಡಿದ ಪಿಗ್ಮಿ ಠೇವಣಿ ಗೊತ್ತಲ್ಲ, ಅದೇ. ಮನೆ ಬಾಗಿಲಿಗೆ ಬಂದು ದಿನಾ ಚಿಲ್ಲರೆ ಜಮೆ! ಒಂದೂವರೆ ತಿಂಗಳಿಗೆ ಒಂದು ಬೆರಳು.

ನಕ್ಕು ಬಿಡುವ ವಿಷಯವಲ್ಲ ಅದು. ಡೀಸೆಲ್ ಬೆರೆತ ಆಯಿಲ್ ತೆಳುವಾಗಿ ಟರ್ಬೊ, ಬೇರಿಂಗುಗಳನ್ನು ಕಾಯುವ ಶಕ್ತಿ ಕಳೆದುಕೊಳ್ಳುತ್ತದೆ. ಮಟ್ಟ ತೀರಾ ಏರಿದರೆ ಇಂಜಿನ್ ತನ್ನದೇ ಆಯಿಲನ್ನು ಒಳಗೆಳೆದು ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ಬೊಬ್ಬೆ ಹೊಡೆಯುವುದೂ ಉಂಟು. ಹೆಚ್ಚಾದದ್ದನ್ನು ನಾನು ಸಿರಿಂಜಿನಲ್ಲಿ ಎಳೆದಿದ್ದರೆ ಡಿಪ್‌ಸ್ಟಿಕ್ ಎಲ್ಲ ಸರಿ ಅನ್ನುತ್ತಿತ್ತು. ಆ ನೀರಾದ ಆಯಿಲಿನಲ್ಲೇ ಮಗುವನ್ನು ಕೂರಿಸಿಕೊಂಡು ಏಳುನೂರು ಕಿಲೋಮೀಟರ್ ಹೋಗುತ್ತಿದ್ದೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ನನ್ನ ಅರ್ಧ ಲೀಟರು. ಹಳೇ ಥರದ ಆಯಿಲ್ ಉರಿದರೆ ಉಳಿಯುವ ಬೂದಿ ಜಾಸ್ತಿ. ಮಸಿಯನ್ನಾದರೆ ಸುಡಬಹುದು, ಬೂದಿಯನ್ನು ಮತ್ತೆ ಸುಡುವುದು ಹೇಗೆ? ಜಾಲರಿಯಲ್ಲಿ ಕೂತರೆ ಕೂತಿತು. ಅದಕ್ಕೇ ಸಿ3ಯಲ್ಲಿ ಸಲ್ಫೇಟೆಡ್ ಆಶ್ 0.8 ಪರ್ಸೆಂಟ್ ಮೀರಬಾರದು ಅಂತ ಕಟ್ಟಳೆ. ಗ್ರೇಡು ಹೊಂದಿದರೆ ಸಾಲದು, ಡಬ್ಬದ ಹಿಂದಿನ ಸಣ್ಣಕ್ಷರವನ್ನೂ ಓದಬೇಕು. ಜನರಿಗೆ ಸಾಲದ ಪತ್ರದ ಸಣ್ಣಕ್ಷರ ಓದಿ ಅಂತ ಉಪದೇಶ ಮಾಡಿದ ಮನುಷ್ಯ ನಾನು! ಒಂದು ಸಲದ ಅರ್ಧ ಲೀಟರಿಗೆ ಏನೂ ಆಗುವುದಿಲ್ಲ, ಅಭ್ಯಾಸ ಮಾಡಬೇಡಿ ಸಾರೇ ಅಂತ ಚೇಟ್ಟನ್ ಸಮಾಧಾನ ಹೇಳಿದರು.

ಸೋಮವಾರ ಸರ್ವಿಸ್ ಸೆಂಟರಿನಲ್ಲಿ ಕಾರನ್ನು ನಿಲ್ಲಿಸಿಯೇ ಜಾಲರಿ ಸುಡಿಸಿ, ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿದರು. ಬಿಲ್ ನಾನು ಕೊಡುತ್ತೇನೆ ಅಂದೆ. ಅಳಿಯ ಬೇಡ ಅನ್ನಲಿಲ್ಲ, ಅದು ನನಗೆ ಹಿಡಿಸಿತು.

ಗುರುವಾರ ಹೊರಟೆವು. ಊರು ಮುಟ್ಟಿದ ಮರುದಿನ ಬೆಳಿಗ್ಗೆ ಅಂಗಳದಲ್ಲಿ ನಾನೂ ಅಳಿಯನೂ ಒಟ್ಟಿಗೆ ಡಿಪ್‌ಸ್ಟಿಕ್ ಎಳೆದೆವು. ಗೆರೆಯ ಕೆಳಗೇ ಇತ್ತು. ಈಗ ಪ್ರತಿ ಭಾನುವಾರ ಅವನು ಮಗುವನ್ನೂ ನಮ್ಮನ್ನೂ ಕೂರಿಸಿಕೊಂಡು ಆಟ್ಟಿಂಗಲ್ ದಾಟಿ ಕೊಲ್ಲಂ ಕಡೆಗೆ ಒಂದು ಸುತ್ತು ಹೋಗಿಬರುತ್ತಾನೆ. ಜಾಲರಿಗೆ ಚಿಕಿತ್ಸೆ, ನಮಗೆ ಚಹಾ.

ಸ್ಟೋರ್ ರೂಮಿನ ಕ್ಯಾನಿನ ಮೇಲೆ ದಪ್ಪ ಮಾರ್ಕರ್ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದಿದೆ: ಮಾವನ ಕಾರಿಗೆ ಮಾತ್ರ.