ಹನುಮಪ್ಪನ ಸ್ಟಿಕ್ಕರೂ ಅಕ್ಕನ ಮಗನೂ

ಗದ್ದನಕೇರಿ ಕ್ರಾಸ್ ದಾಟಿ ಕಲಾದಗಿ ಕಡೆ ಹೊರಟರೆ ನಡುವೆ ತುಳಸಿಗೇರಿ. ಶನಿವಾರವಾದರೆ ಹನುಮಪ್ಪನಿಗೆ ಕೈಮುಗಿಯದೆ ಮುಂದೆ ಹೋಗುವ ಗಾಡಿ ಕಡಿಮೆ. ಗಾಡಿ ಅಂದೆನಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ಆ ಕಾರು, ಟಂಟಂಗಳ ಹಿಂದಿನ ಗಾಜು ನೋಡಿದ್ದೀರಾ? ಅಲ್ಲೂ ಒಬ್ಬ ಹನುಮಪ್ಪ. ಕೇಸರಿ, ಕಪ್ಪು ಎರಡೇ ಬಣ್ಣ, ಹುಬ್ಬು ಗಂಟಿಕ್ಕಿದ ಮೋರೆ.

ಅವನನ್ನು ಕಂಪ್ಯೂಟರಿನಲ್ಲಿ ಬರೆದವರು ಕಾಸರಗೋಡು ಜಿಲ್ಲೆಯ ಕುಂಬಳೆಯ ಕರಣ್ ಆಚಾರ್ಯ. 2015ರಲ್ಲಿ ಊರಿನ ಯುವಕರ ಸಂಘದ ಗೆಳೆಯರು ಬಾವುಟಕ್ಕೊಂದು ಹನುಮ ಬೇಕೆಂದರು, ಇವರು ಬರೆದುಕೊಟ್ಟರು. ಆಮೇಲೆ ಅದು ದೇಶದ ಗಾಡಿಗಳನ್ನೆಲ್ಲ ಏರಿತು; 2018ರಲ್ಲಿ ಮಂಗಳೂರಿನ ಸಭೆಯಲ್ಲಿ ಪ್ರಧಾನಿಯೂ ಹೊಗಳಿದರು. ಅದು ಸಿಟ್ಟಲ್ಲ, ಗತ್ತು ಎಂದು ಬರೆದವರೇ ಹೇಳಿದರೂ ಕೇಳುವವರು ಯಾರು?

ನನಗೆ ಕುತೂಹಲ ಇರುವುದು ಆ ಸಂಘದ ಮೇಲೆ. ನಾಲ್ಕು ಹುಡುಗರು ಸೇರಿ ಏನಾದರೂ ನಡೆಸಬೇಕೆಂದರೆ ಮೊದಲು ಹುಡುಕುವುದು ಚಿತ್ರ ಬರೆಯುವವನನ್ನು. ನಮ್ಮ ಕಡೆ ಜಂಗೀ ನಿಕಾಲಿ ಕುಸ್ತಿಯ ಪೋಸ್ಟರಿನಲ್ಲಿ ಪೈಲ್ವಾನರು ಎದುರುಬದುರು ಮೀಸೆ ತಿರುವದಿದ್ದರೆ ಕಣಕ್ಕೆ ಜನ ಬಂದಾರೆಯೇ?

ನನ್ನ ಅಕ್ಕನ ಮಗ ಎರಡೂ ಕೆಲಸ ತಾನೇ ಹೊತ್ತಿದ್ದಾನೆ. ಹಗಲು ಬ್ಯಾನರ್ ಅಂಗಡಿಯಲ್ಲಿ ಕೋರೆಲ್‌ಡ್ರಾ: ಹುಟ್ಟುಹಬ್ಬದ ಶುಭಾಶಯ, ಭಾವಪೂರ್ಣ ಶ್ರದ್ಧಾಂಜಲಿ, ಒಮ್ಮೊಮ್ಮೆ ಎರಡಕ್ಕೂ ಒಂದೇ ಫೋಟೋ. ರಾತ್ರಿ ಬಿಜಿಎಂಐ ಎಂಬ ಮೊಬೈಲ್ ಆಟದ ಟೂರ್ನಮೆಂಟು. ರೂಮ್ ಐಡಿ ಕಳಿಸುವುದು, ಸ್ಲಾಟ್ ಹಂಚುವುದು, ಸೋತವರ ಜಗಳ ಬಿಡಿಸುವುದು, ಗೆದ್ದವರ ಪೋಸ್ಟರು ಮಾಡುವುದು, ಎಲ್ಲ ಅವನದೇ. ಒಂದು ರೂಮಿಗೆ 100 ಮಂದಿ, ನಾಲ್ವರಂತೆ 25 ತಂಡ, ಅಂದರೆ 25 ಲಾಂಛನ. ಹುಲಿ, ತೋಳ, ಹದ್ದು. ಒಂದರ ಮುಖದಲ್ಲೂ ನಗುವಿಲ್ಲ.

"ಒಂದರೇ ನಗೂ ಪ್ರಾಣಿ ಬರಿಯಲೇ" ಅಂದೆ.

"ನಗೂ ಹುಲಿಗೆ ಯಾರ್ ಅಂಜತಾರ ಮಾಮಾ?" ಅಂದ.

ಅಕ್ಕನ ಚಿಂತೆ ಬೇರೆ: "ಯಾವುದರೇ ಒಂದ್ ಗಟ್ಟಿ ಹಿಡಿಯಪಾ." 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್‌ಜಿ ನಿಷೇಧಿಸಿದಾಗ ಅವಳು ಹನುಮಪ್ಪನಿಗೆ ಕಾಯಿ ಒಡೆಸಿದಳು. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಆಗಿ ಬಂದಾಗ ಕಾಯಿ ಒಡೆಸುವ ಪಾಳಿ ಮಗನದು. 2022ರ ಜುಲೈನಲ್ಲಿ ಮತ್ತೆ ಹೋಯಿತು, 2023ರ ಮೇನಲ್ಲಿ ಮತ್ತೆ ಬಂತು. ಹನುಮಪ್ಪ ಇಬ್ಬರನ್ನೂ ನಿರಾಸೆ ಮಾಡಲಿಲ್ಲ, ತೆಂಗಿನಕಾಯಿಯವನನ್ನಂತೂ ಮಾಡಲೇ ಇಲ್ಲ. ಆಟ ನಿಂತ ತಿಂಗಳುಗಳಲ್ಲಿ ಹುಡುಗನ ಕೈಹಿಡಿದದ್ದು ಬ್ಯಾನರು. ಬ್ಯಾನರಿಗೆ ಗಿರಾಕಿ ತಂದದ್ದು ಅದೇ ಆಟದ ಗೆಳೆಯರು. ಈಗ ಹೇಳಿ, ಯಾವುದನ್ನು ಬಿಡಬೇಕು?

ಇ-ಸ್ಪೋರ್ಟ್ಸನ್ನು 2022ರ ಡಿಸೆಂಬರಿನಲ್ಲೇ ಕ್ರೀಡಾ ಸಚಿವಾಲಯಕ್ಕೆ ಒಪ್ಪಿಸಿದ್ದಾರೆ, ಮರುವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅದಕ್ಕೆ ಪದಕವನ್ನೂ ಕೊಟ್ಟರು ಎಂದು ಅಕ್ಕನಿಗೆ ತಿಳಿಹೇಳಿದೆ. "ಕುಸ್ತಿ ಆಡಿದ್ರ ಮೈಯರೇ ಬೆವರತೈತಿ" ಅಂದಳು. ಅವನಿಗೆ ಬೆವರುವುದು ನೆಟ್ ಹೋದಾಗ ಎಂದು ನಾನು ಹೇಳಲಿಲ್ಲ.

ಚಿತ್ರ, ಆಟ ಎರಡನ್ನೂ ಹಿಡಿದವರು ಹಿಂದೆಯೂ ಇದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಸಮಸ್ಯೆಗಳನ್ನು ಕಟ್ಟಿದರು, ಹೊಸ ಹೊಸ ಗಂಜೀಫಾ ಆಟ ಹುಟ್ಟಿಸಿದರು, ಅದರ ಎಲೆಗಳ ಮೇಲೆ ದೇವರುಗಳ ಚಿತ್ರ ಬರೆಸಿದರು. ಚಿತ್ರವೋ ಆಟವೋ, ಒಂದು ಹಿಡಿ ಎಂದು ಅವರಿಗೆ ಯಾರೂ ಅಂದಂತಿಲ್ಲ. ಅರಸರಿಗೆ ಬುದ್ಧಿ ಹೇಳುವ ಧೈರ್ಯ ಯಾರಿಗಿತ್ತು?

ನಿಮ್ಮ ಓಣಿಯಲ್ಲೂ ಇಂಥವನೊಬ್ಬ ಇರುತ್ತಾನೆ. ಬುದ್ಧಿ ಹೇಳುವ ಬದಲು ಮನೆಯ ಮದುವೆ ಬ್ಯಾನರು ಅವನಿಗೇ ಕೊಡಿ, ಮುಂಗಡವನ್ನೂ ಕೊಡಿ. ರಾತ್ರಿ ಒಂಬತ್ತರ ಮೇಲೆ ಮಾತ್ರ ಫೋನ್ ಮಾಡಬೇಡಿ, ಎತ್ತುವುದಿಲ್ಲ.