ಅಡಿಕೆ ಸುಗ್ಗಿಯೂ ಸೆಮಿಸ್ಟರ್ ಪರೀಕ್ಷೆಯೂ

ಪ್ರೀತಿಯ ಅಕ್ಕಾ,

ನಿಮ್ಮ ಮಗಳಿಗೆ ಬಿ.ಎಸ್ಸಿ.ಗೆ ಮೈಸೂರಿನ ಯುವರಾಜ ಕಾಲೇಜಿನಲ್ಲೂ ಸೀಟು, ಪಕ್ಕದೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲೂ ಸೀಟು!

ಊರ ಕಾಲೇಜೆಂದರೆ ನನಗೆ ಖಂಡಿತ ತಾತ್ಸಾರವಿಲ್ಲ. ಅಲ್ಲಿ ಓದಿದರೆ ಪದವಿ ಕೊಡುವುದು ಕುವೆಂಪು ವಿಶ್ವವಿದ್ಯಾಲಯ. 1987ರಲ್ಲಿ ಶುರುವಾದ ಅದು ಇರುವುದೂ ಶಂಕರಘಟ್ಟವೆಂಬ ಹಳ್ಳಿಯಲ್ಲಿ. ಚಿಕ್ಕ ಕ್ಲಾಸು, ಹೆಸರು ಹಿಡಿದು ಕರೆಯುವ ಮೇಷ್ಟ್ರು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚೂ ಇಲ್ಲ (ನಿಮ್ಮ ಕಡೆ ಸರ್ಕಾರಿ ಬಸ್ಸು ಓಡಿದರೆ). ಆದರೆ ಒಂದು ವಿಚಾರಿಸಿ: ಭೌತಶಾಸ್ತ್ರಕ್ಕೆ ಕಾಯಂ ಉಪನ್ಯಾಸಕರಿದ್ದಾರೆಯೇ? ಅತಿಥಿ ಉಪನ್ಯಾಸಕರನ್ನೇ ನಂಬಿದ ಕಡೆ, ನೇಮಕ ತಡವಾದ ವರ್ಷ ಪಾಠವೂ ತಡ.

ಮನೆಯಿಂದ ಓಡಾಡಿದರೆ ಖರ್ಚು ಕಡಿಮೆ ಅಂತ ಬರೆದಿದ್ದೀರಿ. ಅಕ್ಕಾ, ಆ ಲೆಕ್ಕಕ್ಕೆ ಅವಳ ಸಂಜೆಗಳನ್ನೂ ಸೇರಿಸಿ. ಬಸ್ಸಿಳಿದು ಬಂದ ಹುಡುಗನಿಗೆ ಕಾಫಿ ಸಿಗುತ್ತದೆ. ಹುಡುಗಿಯ ಕೈಗೆ ಪಾತ್ರೆ, ಕೊಟ್ಟಿಗೆ, ಅಜ್ಜಿಯ ಔಷಧಿ. ಯಾರೂ ಕೆಟ್ಟವರಲ್ಲ, ಮನೆಯಲ್ಲಿದ್ದಾಳಲ್ಲ ಅಂತ ಕರೆಯುತ್ತಾರೆ, ಅಷ್ಟೇ. ಅಡಿಕೆ ಸುಗ್ಗಿ ಶುರುವಾದರೆ ರಾತ್ರಿಯವರೆಗೂ ಸುಲಿಯುವ ಕೆಲಸ. ಸೆಮಿಸ್ಟರ್ ಪರೀಕ್ಷೆಯೂ ಹೆಚ್ಚುಕಡಿಮೆ ಆಗಲೇ. ಹಾಸ್ಟೆಲ್ಲಿನ ಸಾರು ಚೆನ್ನಾಗಿರಲಿಕ್ಕಿಲ್ಲ, ಆದರೆ ಏಳು ಗಂಟೆಯ ನಂತರ ಅವಳನ್ನು ಯಾರೂ ಕೂಗುವುದಿಲ್ಲ. ಓದುವ ಹೆಣ್ಣುಮಗುವಿಗೆ ಅದಕ್ಕಿಂತ ದೊಡ್ಡ ಸೌಲಭ್ಯ ನನಗೆ ಕಾಣದು.

ಜೊತೆಯವರ ವಿಷಯವೂ ಇದೆ. ಎಂ.ಎಸ್ಸಿ. ಪ್ರವೇಶಕ್ಕೆ ಬರೆಯುವ ಜಾಮ್ ಪರೀಕ್ಷೆ, ಬೇಸಿಗೆಯಲ್ಲಿ ವಿಜ್ಞಾನ ಅಕಾಡೆಮಿಗಳು ಕೊಡುವ ಫೆಲೋಶಿಪ್ಪು, ಇವಕ್ಕೆಲ್ಲ ಅರ್ಜಿ ಹಾಕುವ ಹಿರಿಯ ವಿದ್ಯಾರ್ಥಿಗಳು ಪಕ್ಕದ ರೂಮಿನಲ್ಲೇ ಇದ್ದರೆ ಸುದ್ದಿ ತಾನಾಗಿ ಕಿವಿಗೆ ಬೀಳುತ್ತದೆ. ಊರಲ್ಲಿ ಅದು ತಿಳಿಯುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ.

ಹಾಗಾಗಿ ನನ್ನ ಮನಸ್ಸು ಮೈಸೂರಿನ ಕಡೆಗೇ. ಹಾಸ್ಟೆಲ್ ಸೀಟು ಮಾತ್ರ ಮೊದಲು ಖಾತ್ರಿಯಾಗಬೇಕು. ಅದು ಸಿಗದೆ ಬಾಡಿಗೆ ರೂಮು, ಹೊರಗಿನ ಊಟ ಎಂದಾದರೆ, ಅದಕ್ಕೆ ಮಾಡುವ ಸಾಲ ಅವಳ ತಲೆಯ ಮೇಲೆ ಕೂರುವುದು ಬೇಡ. ಮೂರು ವರ್ಷ ಊರಲ್ಲೇ ಓದಲಿ, ಎಂ.ಎಸ್ಸಿ.ಗೆ ಮೈಸೂರಿನ ಮಾನಸಗಂಗೋತ್ರಿಗೆ ಹೋಗಲಿ. ಹಾಗಾದರೆ ಸಂಜೆಯ ಕೆಲಸಗಳನ್ನು ಮನೆಯವರೆಲ್ಲ ಈಗಲೇ ಹಂಚಿಕೊಳ್ಳಿ.

ಅವಳು ಏನಂದಳು ಅಂತ ನೀವು ಬರೆದೇ ಇಲ್ಲ. ಸಾಗರದಲ್ಲಿ ರಾತ್ರಿ ರೈಲು ಹತ್ತಿ ಇಬ್ಬರೂ ಮೈಸೂರಿಗೆ ಹೋಗಿಬನ್ನಿ. ಲ್ಯಾಬು, ಹಾಸ್ಟೆಲ್ಲು ಅವಳೇ ನೋಡಲಿ. ಆಮೇಲೆ ಅವಳ ಕೈಯಲ್ಲೇ ನನಗೊಂದು ಕಾಗದ ಬರೆಸಿ.

ನಿಮ್ಮ ತಂಗಿ