ಅಮಾನತು ಮುಗಿದ ಮೇಲೆ

2019ರ ಜನವರಿ 11ರಂದು ಕೆ. ಎಲ್. ರಾಹುಲ್ ಅವರು ಆಸ್ಟ್ರೇಲಿಯದಲ್ಲಿ ಭಾರತ ತಂಡದೊಂದಿಗಿರುವಾಗಲೇ ಅಮಾನತುಗೊಂಡರು. ಆಗ ಅವರಿಗೆ 26 ವರ್ಷ. ಮಂಗಳೂರಿನ ಕಡೆ ಬೆಳೆದು, ಬೆಂಗಳೂರಿನ ಜೈನ್ ಕಾಲೇಜಿನಲ್ಲಿ ಓದುತ್ತ ಆಟದಲ್ಲಿ ಮುಂದೆ ಬಂದ ಈ ತರುಣರ ಮೇಲೆ ಬಂದ ಆರೋಪವು ಆಟಕ್ಕೆ ಸಂಬಂಧಿಸಿದ್ದಲ್ಲ, ಮಾತಿಗೆ ಸಂಬಂಧಿಸಿದ್ದು. ಆ ತಿಂಗಳ 6ರಂದು ಪ್ರಸಾರವಾದ ಒಂದು ದೂರದರ್ಶನ ಸಂದರ್ಶನದಲ್ಲಿ ಅವರೂ ಅವರ ಜೊತೆಗಾರ ಹಾರ್ದಿಕ್ ಪಾಂಡ್ಯರೂ ಕುಳಿತಿದ್ದರು. ಸ್ತ್ರೀಯರನ್ನು ಕುರಿತು ಹಗುರಾಗಿ ಆಡಿದ ಮಾತುಗಳು ದೇಶದ ತುಂಬ ಅಸಮಾಧಾನವನ್ನುಂಟುಮಾಡಿದವು. ಕೀಳು ಮಾತುಗಳಲ್ಲಿ ಹೆಚ್ಚಿನವು ಪಾಂಡ್ಯರವು; ಆದರೆ ಪಕ್ಕದಲ್ಲಿ ಕುಳಿತು ನಕ್ಕವನ ಪಾಲು ಎಷ್ಟು ಎಂಬುದನ್ನು ಅಳೆಯಲು ತಕ್ಕಡಿ ಎಲ್ಲಿದೆ? ಇಬ್ಬರನ್ನೂ ಮನೆಗೆ ಕಳುಹಿಸಲಾಯಿತು.

ಜನವರಿ 24ರಂದು ಅಮಾನತು ತೆರವಾಯಿತು. ವಿಚಾರಣೆ ನಡೆಸಿದ ವಿಶ್ರಾಂತ ನ್ಯಾಯಮೂರ್ತಿ ಡಿ. ಕೆ. ಜೈನ್ ಅವರು ಏಪ್ರಿಲ್‌ನಲ್ಲಿ ತೀರ್ಪಿತ್ತು, ತಲಾ 20 ಲಕ್ಷ ರೂಪಾಯಿ ದಂಡ ವಿಧಿಸಿದರು. ಅದರಲ್ಲಿ ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಯ ಹತ್ತು ಮಂದಿ ಪೇದೆಗಳ ಕುಟುಂಬಗಳಿಗೆ ಒಂದೊಂದು ಲಕ್ಷ, ಅಂಧರ ಕ್ರಿಕೆಟ್ಟಿಗೆ ಹತ್ತು ಲಕ್ಷ. ದಂಡದ ಹಣವು ಸಂಸ್ಥೆಯ ಬೊಕ್ಕಸಕ್ಕೆ ಹೋಗದೆ ದಾನವಾಗಿ ಹರಿದದ್ದು ಮೆಚ್ಚತಕ್ಕ ವಿಚಾರವೇ. ಆದರೂ ಲೆಕ್ಕ ಬಲ್ಲವರು ಇನ್ನೊಂದು ಅಂಕಿಯನ್ನು ಪಕ್ಕದಲ್ಲಿಟ್ಟು ನೋಡದಿರಲಾರರು. ಪಂಜಾಬಿನ ಐ.ಪಿ.ಎಲ್. ತಂಡವು 2018ರ ಹರಾಜಿನಲ್ಲಿ ರಾಹುಲ್ ಅವರಿಗೆ ಕಟ್ಟಿದ ಬೆಲೆ 11 ಕೋಟಿ ರೂಪಾಯಿ. ದಂಡವು ಅದರ ಶೇಕಡಾ ಎರಡಕ್ಕಿಂತಲೂ ಕಡಿಮೆ. 2019ರ ಐ.ಪಿ.ಎಲ್.ನಲ್ಲಿ ಅವರು 593 ಓಟಗಳನ್ನು ಗಳಿಸಿದರು. ಜುಲೈನಲ್ಲಿ ಲೀಡ್ಸ್ ನಗರದಲ್ಲಿ ಶ್ರೀಲಂಕಾ ವಿರುದ್ಧ ವಿಶ್ವಕಪ್ ಶತಕ ಹೊಡೆದರು. 2022ರ ಜನವರಿಯಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಭಾರತದ ಟೆಸ್ಟ್ ತಂಡದ ನಾಯಕತ್ವವನ್ನೇ ವಹಿಸಿದರು.

ಈ ನಡುವೆ ಒಂದು ಸಣ್ಣ ಅಧ್ಯಾಯವಿದೆ. ಅಮಾನತು ತೆರವಾದ ಕೂಡಲೇ ರಾಹುಲ್ ಅವರು ದೊಡ್ಡ ತಂಡಕ್ಕೆ ಮರಳಲಿಲ್ಲ. ರಾಹುಲ್ ದ್ರಾವಿಡ್ ಅವರ ಮಾರ್ಗದರ್ಶನದಲ್ಲಿದ್ದ ಭಾರತ 'ಎ' ತಂಡದಲ್ಲಿ, ದೀಪಗಳ ಅಬ್ಬರವಿಲ್ಲದ ಮೈದಾನಗಳಲ್ಲಿ, ಇಂಗ್ಲೆಂಡಿನ ಎರಡನೆಯ ದರ್ಜೆಯ ತಂಡದ ಎದುರು ಆಡಿದರು. ಮೈಸೂರಿನಲ್ಲಿಯೂ ಒಂದು ಪಂದ್ಯ ನಡೆಯಿತು. ಇಪ್ಪತ್ತು ಲಕ್ಷದ ದಂಡಕ್ಕಿಂತ ಈ ಕೆಲವು ವಾರಗಳೇ ನಿಜವಾದ ಪ್ರಾಯಶ್ಚಿತ್ತವಾಗಿದ್ದವು ಎಂದರೆ ತಪ್ಪಾಗಲಾರದು. ಎತ್ತರದಿಂದ ಇಳಿದು, ಕಿರಿಯರ ಸಾಲಿನಲ್ಲಿ ನಿಂತು, ಮತ್ತೆ ಮೊದಲಿನಿಂದ ಆಡುವುದು ಸುಲಭದ ಮಾತಲ್ಲ.

ತತ್ತ್ವಾರ್ಥಸೂತ್ರವು ಪ್ರಾಯಶ್ಚಿತ್ತದಲ್ಲಿ ಒಂಬತ್ತು ಬಗೆಗಳನ್ನು ಹೇಳುತ್ತದೆ. ಸೇಡಂ ತಾಲ್ಲೂಕಿನ ಮಳಖೇಡಕ್ಕೆ, ಕಾಗಿಣಾ ತೀರದ ಬಸದಿಗೆ, ಹೋಗಿಬರುವ ಕುಟುಂಬಗಳಿಗೆ ಇವು ಹೊಸ ಹೆಸರುಗಳಲ್ಲ. ಆಲೋಚನೆ, ಪ್ರತಿಕ್ರಮಣಗಳಿಂದ ಆರಂಭವಾಗುವ ಈ ಪಟ್ಟಿಯ ಕೊನೆಯ ಮೂರು ಛೇದ, ಪರಿಹಾರ ಮತ್ತು ಉಪಸ್ಥಾಪನೆ. ದೀಕ್ಷೆಯ ಹಿರಿತನವನ್ನು ಕಡಿಮೆ ಮಾಡುವುದು ಛೇದ. ಗೊತ್ತುಪಡಿಸಿದ ಕಾಲದವರೆಗೆ ಸಂಘದಿಂದ ದೂರವಿರಿಸುವುದು ಪರಿಹಾರ. ಮತ್ತೆ ವ್ರತದಲ್ಲಿ ನೆಲೆಗೊಳಿಸುವುದು ಉಪಸ್ಥಾಪನೆ. ಇವು ಮುನಿಗಳಿಗೆ ಹೇಳಿದ ವಿಧಿಗಳು. ಚೆಂಡಾಟದವರಿಗೆ ಇವನ್ನು ಹಾಗೆಯೇ ಅನ್ವಯಿಸುವುದು ಉಚಿತವಲ್ಲ. ಆದರೆ ಅಮಾನತಿನ ತತ್ತ್ವವನ್ನು ನಮ್ಮ ಪೂರ್ವಾಚಾರ್ಯರು ಎಷ್ಟು ಸೂಕ್ಷ್ಮವಾಗಿ ಕಂಡಿದ್ದರು ಎಂಬುದನ್ನು ವಾಚಕರು ಗಮನಿಸಬೇಕು. ದೂರವಿರಿಸುವ ಕಾಲಕ್ಕೆ ಮಿತಿಯುಂಟು. ವಿಧಿಸುವ ಗುರುವು ದೇಶ, ಕಾಲ, ಶಕ್ತಿಗಳನ್ನು ನೋಡಿ ವಿಧಿಸಬೇಕು. ಪಟ್ಟಿಯು ಹೊರಹಾಕುವುದರಲ್ಲಿ ಮುಗಿಯುವುದಿಲ್ಲ; ಒಳಗೆ ಕರೆದುಕೊಳ್ಳುವುದರಲ್ಲಿ ಮುಗಿಯುತ್ತದೆ.

ಅಮೆರಿಕದಲ್ಲಿ ಫುಟ್‌ಬಾಲ್ ಎಂದು ಕರೆಯುವ, ಕೈಯಲ್ಲಿ ಚೆಂಡು ಹಿಡಿದು ನುಗ್ಗುವ ಒಂದು ಆಟವಿದೆ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನು ದಂಡನಾಯಕನಿದ್ದಂತೆ. ವೃತ್ತಿಪರ ತಂಡಗಳು ಆಟಗಾರರನ್ನು ಕಾಲೇಜುಗಳಿಂದಲೇ ಆರಿಸಿಕೊಳ್ಳುವುದರಿಂದ, ಕಾಲೇಜಿನಲ್ಲಿ ಅಮಾನತಾದವನ ಭವಿಷ್ಯವು ದೇಶವ್ಯಾಪಿ ಚರ್ಚೆಯ ವಸ್ತುವಾಗುತ್ತದೆ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಟೆರೆಲ್ ಪ್ರೈಯರ್ ಎಂಬ ಕ್ವಾರ್ಟರ್‌ಬ್ಯಾಕನ್ನು 2010ರ ಡಿಸೆಂಬರಿನಲ್ಲಿ, ಮುಂದಿನ ಋತುವಿನ ಐದು ಪಂದ್ಯಗಳಿಗೆ ಅನ್ವಯವಾಗುವಂತೆ, ಜೊತೆಗಾರರೊಡನೆ ಅಮಾನತು ಮಾಡಲಾಯಿತು. ಅಪರಾಧವೇನೆಂದರೆ, ತಾವು ಗೆದ್ದ ಪಾರಿತೋಷಕಗಳನ್ನು ಮಾರಿದ್ದು, ಹಚ್ಚೆ ಹಾಕಿಸಿಕೊಳ್ಳುವಲ್ಲಿ ರಿಯಾಯಿತಿ ಪಡೆದದ್ದು. ಕಾಲೇಜು ಆಟಗಾರನು ತನ್ನ ಹೆಸರಿನಿಂದ ಹಣ ಮಾಡಬಾರದೆಂಬುದು ಆಗಿನ ನಿಯಮ. ಲಕ್ಷ ಜನ ಟಿಕೆಟು ಕೊಂಡು ಕೂರುವ ಮೈದಾನದ ಒಡೆತನ ವಿಶ್ವವಿದ್ಯಾಲಯದ್ದು. ಆಟಗಾರನು ತನ್ನ ಉಂಗುರವನ್ನು ಮಾರಿದರೆ ಅಪರಾಧಿ! ಪ್ರೈಯರ್ 2011ರ ಜೂನಿನಲ್ಲಿ ಕಾಲೇಜು ಬಿಟ್ಟರು. ಆಗಸ್ಟಿನಲ್ಲಿ ಓಕ್‌ಲೆಂಡ್ ತಂಡವು ಅವರನ್ನು ಆರಿಸಿಕೊಂಡಿತು; ಆದರೆ ಐದು ಪಂದ್ಯಗಳ ಶಿಕ್ಷೆಯು ವೃತ್ತಿಪರ ಆಟಕ್ಕೂ ಅವರ ಬೆನ್ನು ಹತ್ತಿಯೇ ಬಂತು. ದಂಡನಾಯಕನ ಸ್ಥಾನದಲ್ಲಿ ಅವರು ನೆಲೆಯೂರಲಿಲ್ಲ. ಚೆಂಡು ಹಿಡಿದು ಓಡುವವರಾಗಿ ಮಾರ್ಪಟ್ಟು 2016ರಲ್ಲಿ ಕ್ಲೀವ್‌ಲೆಂಡ್ ತಂಡದ ಪರವಾಗಿ ಒಳ್ಳೆಯ ಹೆಸರು ಗಳಿಸಿದರು. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದೆಂದು ನಿಯಮವೇ ಬದಲಾಯಿತು. ಅಂದು ದೋಷವಾಗಿದ್ದುದು ಇಂದು ವ್ಯವಹಾರ. ಸಂಸ್ಥೆಯ ನಿಯಮವೂ ನೀತಿಯೂ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಇವೆರಡೂ ಹಣವುಳ್ಳ ಆಟಗಳ ಕಥೆ. ಹಣವಿಲ್ಲದ ಆಟದಲ್ಲಿ ಅಮಾನತು ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಅವರ ಪ್ರಕರಣವನ್ನು ನೋಡಬೇಕು. 2010ರ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ನಾಲ್ವರ ರಿಲೇ ಓಟದಲ್ಲಿ ಚಿನ್ನ. ಮರುತಿಂಗಳು ಚೀನಾದ ಗ್ವಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲಿ 56.15 ಸೆಕೆಂಡುಗಳಲ್ಲಿ ಚಿನ್ನ. ರಿಲೇಯಲ್ಲಿ ಮತ್ತೊಂದು ಚಿನ್ನ. ಕೃಷಿಕ ಕುಟುಂಬದ 23 ವರ್ಷದ ಯುವತಿಯ ಹೆಸರು ಕರ್ನಾಟಕದ ಮನೆಮನೆಗೂ ತಲುಪಿತು. ಎಂಟು ತಿಂಗಳೂ ತುಂಬಲಿಲ್ಲ. 2011ರ ಜುಲೈನಲ್ಲಿ ಅವರ ಮೂತ್ರ ಪರೀಕ್ಷೆಯಲ್ಲಿ ನಿಷೇಧಿತ ಸ್ಟೀರಾಯ್ಡ್ ಕಂಡುಬಂದಿತು. ಅದೇ ಶಿಬಿರದ ಇತರ ಕೆಲವು ಓಟಗಾರ್ತಿಯರದ್ದೂ ಅದೇ ಸ್ಥಿತಿ. ಉಕ್ರೇನಿನ ತರಬೇತುದಾರ ಯೂರಿ ಒಗೊರೊಡ್ನಿಕ್ ಅವರನ್ನು ಕೆಲಸದಿಂದ ತೆಗೆಯಲಾಯಿತು. ತರಬೇತುದಾರರು ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಎಂಬ ಪುಷ್ಟಿಕಾರಕದಲ್ಲಿಯೇ ಇದು ಬೆರೆತಿತ್ತು, ತಮಗೆ ತಿಳಿದಿರಲಿಲ್ಲ ಎಂಬುದು ಓಟಗಾರ್ತಿಯರ ವಾದ.

ಡಿಸೆಂಬರಿನಲ್ಲಿ ರಾಷ್ಟ್ರೀಯ ಶಿಸ್ತು ಮಂಡಳಿಯು ಈ ವಾದಕ್ಕೆ ತಕ್ಕಮಟ್ಟಿಗೆ ಕಿವಿಗೊಟ್ಟು ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟವು ಒಪ್ಪದೆ ಮೇಲ್ಮನವಿ ಸಲ್ಲಿಸಿತು. 2012ರ ಜುಲೈನಲ್ಲಿ ಕ್ರೀಡಾ ನ್ಯಾಯಾಲಯವು ಶಿಕ್ಷೆಯನ್ನು ಎರಡು ವರ್ಷಗಳಿಗೆ ಏರಿಸಿತು. ಅದೇ ತಿಂಗಳ ಕೊನೆಯಲ್ಲಿ ಲಂಡನ್ ಒಲಿಂಪಿಕ್ಸ್ ಆರಂಭವಾಯಿತು.

ಉದ್ದೀಪನ ಮದ್ದಿನ ಕಾನೂನು ಬಹು ಕಠಿಣವಾದುದು. ದೇಹದೊಳಗೆ ಏನು ಸೇರಿತೋ ಅದಕ್ಕೆ ಆ ದೇಹದವನೇ ಹೊಣೆ. ತಿಳಿದು ತಿಂದನೋ ತಿಳಿಯದೆ ತಿಂದನೋ ಎಂಬ ಪ್ರಶ್ನೆಯು ದೋಷವನ್ನು ನಿರ್ಣಯಿಸುವಾಗ ಬಾರದು; ಶಿಕ್ಷೆಯ ಅಳತೆಯನ್ನು ಗೊತ್ತುಮಾಡುವಾಗ ಮಾತ್ರ ಬರುತ್ತದೆ. ಭಾವವನ್ನೇ ಪ್ರಧಾನವಾಗಿ ಕಾಣುವವರಿಗೆ ಇದು ಅನ್ಯಾಯವೆಂದು ತೋರುವುದು ಸಹಜ. ಆದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಹಿಂಸೆಯ ಲಕ್ಷಣವನ್ನು ಹೇಳುವಾಗ ನಮ್ಮ ಶಾಸ್ತ್ರವು ಬರಿಯ ದುರುದ್ದೇಶವನ್ನು ಮುಂದಿಡಲಿಲ್ಲ, ಪ್ರಮಾದವನ್ನು ಮುಂದಿಟ್ಟಿತು. ಕಾಣದ ಜೀವಿಯು ಕಾಲಡಿಗೆ ಬಿದ್ದರೆ, ನೋಡಿ ನಡೆದವನ ಸ್ಥಿತಿ ಬೇರೆ, ನೋಡದೆ ನಡೆದವನದು ಬೇರೆ. ಸೂರ್ಯಾಸ್ತದ ಮೊದಲು ಉಣ್ಣುವ, ನೀರು ಸೋಸಿ ಕುಡಿಯುವ, ಬೇಳೆಯನ್ನು ಹರಡಿ ಆರಿಸುವ ಮನೆಗಳಲ್ಲಿ 'ಏನು ತಿಂದೆನೋ ತಿಳಿಯದು' ಎಂಬ ಮಾತಿಗೆ ಎಂದೂ ಪೂರ್ಣ ಬೆಲೆ ಇರಲಿಲ್ಲ. ಆ ದೃಷ್ಟಿಯಿಂದ ಕ್ರೀಡಾ ನ್ಯಾಯಾಲಯದ ಕಾಠಿಣ್ಯವು ನಮಗೆ ಅಷ್ಟು ಅಪರಿಚಿತವಾದುದಲ್ಲ.

ಹಾಗಿದ್ದರೂ ಪ್ರಮಾದದ ಭಾರವೆಲ್ಲ ತಿಂದವಳ ಮೇಲೆಯೇ ಬೀಳಬೇಕೆ? ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವುದು, ಒಳ್ಳೆಯದರಲ್ಲಿ ಕೆಟ್ಟದ್ದನ್ನು ಬೆರೆಸುವುದು. ತೊಗರಿಯಲ್ಲಿ ಕೇಸರಿ ಬೇಳೆ ಬೆರೆಸಿದವನು ಕಲಬುರಗಿಯ ಬಜಾರಿನಲ್ಲಿ ಎಷ್ಟು ನಿಂದ್ಯನೋ, ಡಬ್ಬಿಯ ಮೇಲೆ ಬರೆಯದ ಮದ್ದನ್ನು ಪುಡಿಯಲ್ಲಿ ಬೆರೆಸಿದವನೂ ಅಷ್ಟೇ ನಿಂದ್ಯನು. ಆದರೆ ಕ್ರೀಡಾ ಕಾನೂನಿನ ಕೈ ಓಟಗಾರ್ತಿಗೆ ಮುಟ್ಟುವಷ್ಟು ಸುಲಭವಾಗಿ ಆ ಡಬ್ಬಿಯನ್ನು ತುಂಬಿದವನಿಗೆ ಮುಟ್ಟುವುದಿಲ್ಲ. ವ್ಯಾಪಾರಿ ಸಮಾಜದವರು ಈ ಪ್ರಕರಣದಲ್ಲಿ ಯೋಚಿಸಬೇಕಾದ ಭಾಗವು ಇದು. ಮೈ ಬೆಳೆಸುವ ಪುಡಿ, ಮಾತ್ರೆಗಳು ಈಗ ದೊಡ್ಡ ನಗರಗಳಿಗಷ್ಟೇ ಸೀಮಿತವಾಗಿಲ್ಲ; ವ್ಯಾಯಾಮಶಾಲೆ ಇರುವ ಊರಿಗೆಲ್ಲ ಅವು ಬರುತ್ತವೆ. ಮಾರುವವನು ಖರೀದಿ ಬಿಲ್ಲು ಇಲ್ಲದ, ತಯಾರಕರ ವಿಳಾಸವಿಲ್ಲದ ಡಬ್ಬಿಯನ್ನು ಅಂಗಡಿಯಲ್ಲಿಡಬಾರದು. ಲಾಭವೆಷ್ಟೇ ಇರಲಿ.

2013ರಲ್ಲಿ ಅಶ್ವಿನಿಯವರ ನಿಷೇಧ ಮುಗಿಯಿತು. ಓಟಗಾರ್ತಿಗೆ ಎರಡು ವರ್ಷವೆಂದರೆ ಬಡ್ಡಿಯಿಲ್ಲದೆ ಇಟ್ಟ ಠೇವಣಿಯಲ್ಲ. ಅಸಲೇ ಕರಗುವ ಠೇವಣಿ. ರಾಹುಲ್ ಅವರು ಎರಡು ವಾರ ಕಳೆದುಕೊಂಡರು, ಮಾರುಕಟ್ಟೆ ಅವರಿಗಾಗಿ ಕಾದಿತ್ತು. ಇವರಿಗಾಗಿ ಕಾಯುವ ಮಾರುಕಟ್ಟೆ ಇರಲಿಲ್ಲ. ಮಾತಿನ ದೋಷ ದೊಡ್ಡದೋ ಆಹಾರದ ಪ್ರಮಾದ ದೊಡ್ಡದೋ ಎಂಬ ಪ್ರಶ್ನೆಗೂ ಶಿಕ್ಷೆಯ ಅಂತರಕ್ಕೂ ಸಂಬಂಧವೇ ಕಾಣುವುದಿಲ್ಲ.

ಇದೆಲ್ಲ ದೂರದ ಮಾತೆಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ತಂದೆತಾಯಿಗಳು ಭಾವಿಸಬಾರದು. ಕಲ್ಲುಗಣಿಗಳ, ಸಿಮೆಂಟು ಕಾರ್ಖಾನೆಗಳ, ತೊಗರಿ ಹೊಲಗಳ ಈ ಸೀಮೆಯಲ್ಲಿ ಆಟವು ಹವ್ಯಾಸ ಮಾತ್ರವಲ್ಲ. ವಾಡಿ ಜಂಕ್ಷನ್ನಿನಲ್ಲಿ ದಿನವೂ ರೈಲು ನೋಡುವ ಹುಡುಗನಿಗೆ ಕ್ರೀಡಾ ಕೋಟಾದ ರೈಲ್ವೆ ನೌಕರಿಯೇ ವೃತ್ತಿಪರ ಆಟ; ರೈಲೇ ಇಲ್ಲದ ಚಿಂಚೋಳಿಯಿಂದ ಕಲಬುರಗಿಯ ಕ್ರೀಡಾಂಗಣಕ್ಕೆ ಬಸ್ಸಿನಲ್ಲಿ ಹೋಗಿ ಓಡುವ ಹುಡುಗಿಗೆ ವಿಶ್ವವಿದ್ಯಾಲಯ ಮಟ್ಟದ ಪ್ರಮಾಣಪತ್ರವೇ 11 ಕೋಟಿ. ಇಂಥವರಲ್ಲಿ ಒಬ್ಬರು ಕಾಲೇಜಿನಲ್ಲಿ ಜಗಳವಾಡಿಯೋ, ವಯಸ್ಸಿನ ದಾಖಲೆ ತಿದ್ದಿಯೋ, ಯಾರೋ ಕೊಟ್ಟ ಮಾತ್ರೆ ನುಂಗಿಯೋ ಅಮಾನತಾದರೆ, ಅವರನ್ನು ಕೇಳಲು ದ್ರಾವಿಡ್ ಬರುವುದಿಲ್ಲ. ಊರು ಕೇಳುತ್ತದೆ, ಅದೂ ಬೇರೆ ರೀತಿಯಲ್ಲಿ.

ಕಾಲೇಜು ಕೊಡುವ ನಡತೆ ಪ್ರಮಾಣಪತ್ರವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ನಡತೆ 'ಉತ್ತಮ' ಅಥವಾ 'ತೃಪ್ತಿಕರ' ಎಂದು ಬರೆಯಲು ಒಂದು ಸಾಲು ಇರುತ್ತದೆ. ವಿಧಿಸಿದ ಶಿಕ್ಷೆಯನ್ನು ಪೂರ್ತಿ ಅನುಭವಿಸಿ ಮುಗಿಸಿದ್ದಾನೆ ಎಂದು ಬರೆಯಲು ಜಾಗವೇ ಇಲ್ಲ. ಆದ್ದರಿಂದ ಪ್ರಾಂಶುಪಾಲರು ಒಂದೋ ಸುಳ್ಳನ್ನು ಬರೆಯಬೇಕು, ಅಥವಾ ಹುಡುಗನ ದಾರಿಯನ್ನು ಮುಚ್ಚಬೇಕು. ಅಡತಿ ಅಂಗಡಿಯ ಖಾತೆ ಪುಸ್ತಕ ಇದಕ್ಕಿಂತ ನ್ಯಾಯವಾದುದು. ಅಲ್ಲಿ ಸಾಲ ತೆಗೆದುಕೊಂಡ ದಿನವೂ ಇರುತ್ತದೆ, ತೀರಿಸಿದ ದಿನವೂ ಇರುತ್ತದೆ, ಕೆಳಗೆ 'ಚುಕ್ತಾ' ಎಂಬ ಅಕ್ಷರವೂ ಇರುತ್ತದೆ. ಸಾಲವನ್ನು ಅಳಿಸುವುದಿಲ್ಲ, ತೀರಿತೆಂಬುದನ್ನು ಬಚ್ಚಿಡುವುದೂ ಇಲ್ಲ.

ವಿದ್ಯಾರ್ಥಿನಿಲಯಗಳನ್ನು ನಡೆಸುವ, ವಿದ್ಯಾರ್ಥಿವೇತನ ಕೊಡುವ ಬಸದಿ ಟ್ರಸ್ಟುಗಳು ತಮ್ಮ ಅರ್ಜಿ ನಮೂನೆಗಳನ್ನು ಪ್ರತಿ ವರ್ಷ ಬೇಸಿಗೆಯಲ್ಲಿ ಅಚ್ಚು ಹಾಕಿಸುತ್ತವೆ. 'ಹಿಂದೆ ಯಾವುದಾದರೂ ಶಿಸ್ತುಕ್ರಮಕ್ಕೆ ಒಳಗಾಗಿದ್ದೀರಾ' ಎಂಬ ಪ್ರಶ್ನೆ ಅದರಲ್ಲಿದ್ದರೆ, ಅದರ ಕೆಳಗೆ 'ಅದು ಎಂದು ಮುಗಿಯಿತು, ಆ ಮೇಲೆ ಏನು ಮಾಡಿದಿರಿ' ಎಂಬ ಇನ್ನೊಂದು ಸಾಲನ್ನು ಸೇರಿಸಲು ಮುದ್ರಣದವನು ಹೆಚ್ಚಿನ ಹಣ ಕೇಳುವುದಿಲ್ಲ. ಅಶ್ವಿನಿ ಅಕ್ಕುಂಜಿ ಅವರು ಆ ಎರಡನೆಯ ಸಾಲಿನಲ್ಲಿ ಬರೆಯಬಹುದಾಗಿದ್ದುದು ಇಷ್ಟು: 2014ರಲ್ಲಿ ದಕ್ಷಿಣ ಕೊರಿಯದ ಇಂಚಿಯಾನ್ ಏಷ್ಯನ್ ಕ್ರೀಡೆಗಳಲ್ಲಿ ಅದೇ 400 ಮೀಟರ್ ಹರ್ಡಲ್ಸ್ ಓಡಿದೆ, ಪದಕ ಬರಲಿಲ್ಲ.